ಒಂಬತ್ತನೇ ಕಂತಿನ ಚುಕ್ಕಿ

ಜುಲೈ 3, ಸೋಮವಾರ

ಕಾದಂಬರಿಕಾರರಿಗೆ ನಿನ್ನೆ ಸಂಜೆ ಪಾರ್ಶ್ವವಾಯು ಬಡಿದಿದೆ. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಮಾತು ನಿಂತಿದೆ. ಜೀವಕ್ಕೆ ಅಪಾಯವಿಲ್ಲ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಅವರ ತಂಗಿ ಕಚೇರಿಗೆ ಫೋನ್ ಮಾಡಿ ತಿಳಿಸಿದರು. ಫೋನ್ ಎತ್ತಿದ್ದು ನಾನು.

ಪುರವಣಿಯ ಸಂಪಾದಕರು ಮೊದಲು ಕೇಳಿದ್ದು ಯಾವ ಆಸ್ಪತ್ರೆ ಎಂದು. ಎರಡನೆಯದಾಗಿ ಕೇಳಿದ್ದು ಕೈಯಲ್ಲಿ ಎಷ್ಟು ಕಂತುಗಳಿವೆ ಎಂದು. ಎರಡಿವೆ. ಭಾನುವಾರದ ಪುರವಣಿಯಲ್ಲಿ ಬರುತ್ತಿರುವ ಅವರ ಪತ್ತೇದಾರಿ ಧಾರಾವಾಹಿ ಒಟ್ಟು ಇಪ್ಪತ್ತನಾಲ್ಕು ಕಂತಿನದು. ನಿನ್ನೆ ಇಪ್ಪತ್ತನೆಯದು ಅಚ್ಚಾಯಿತು. ಇಪ್ಪತ್ತೊಂದು, ಇಪ್ಪತ್ತೆರಡು ಬಂದಿವೆ. ಕೊನೆಯ ಎರಡು ಬಂದಿಲ್ಲ. ಗಡಿಯಾರ ರಿಪೇರಿಯ ಮುದುಕನನ್ನು ಕೊಂದವರು ಯಾರು ಎಂಬುದು ಆ ಎರಡರಲ್ಲಿದೆ. ಅಂದರೆ ಅವರ ತಲೆಯಲ್ಲಿದೆ. ಅವರು ಟಿಪ್ಪಣಿ ಬರೆದಿಡುವವರಲ್ಲ. ಬರೆದಿಟ್ಟರೆ ಯಾರಾದರೂ ಓದಿಬಿಡುತ್ತಾರೆ ಎನ್ನುತ್ತಿದ್ದರು.

ಮನೆಗೆ ಬಂದು ಅತ್ತೆಗೆ ಸುದ್ದಿ ಹೇಳಿದೆ. ಅವರಿಗೆ ಎಪ್ಪತ್ತೆಂಟು. ಭೂತಗನ್ನಡಿ ಹಿಡಿದು ಭಾನುವಾರದ ಧಾರಾವಾಹಿ ಓದುವುದನ್ನು ಒಂದು ವಾರವೂ ತಪ್ಪಿಸಿದವರಲ್ಲ. ಪಾಪ ಎಂದರು. ಆಮೇಲೆ, ಮುಂದಿನ ಕಂತು ಬಂದಿದೆಯಾ ಎಂದು ಕೇಳಿದರು. ಅಚ್ಚಾಗದ ಪುಟದ ವಿಷಯ ಮನೆಯಲ್ಲಿ ಮಾತಾಡುವುದಿಲ್ಲ ಎಂದೆ. ಹತ್ತೊಂಬತ್ತು ವರ್ಷದ ನಿಯಮ ಅದು. ಅತ್ತೆ ಏಳಕ್ಕೆ ಊಟ ಮಾಡಿ ಕೋಣೆಗೆ ಹೋದರು. ನಾನು ಎಂಟೂವರೆಗೆ ಮಾಡಿದೆ.

ಜುಲೈ 4, ಮಂಗಳವಾರ

ಸಂಪಾದಕರು ಗಡುವು ಹಾಕಿದರು. ಹದಿನೇಳನೇ ತಾರೀಕಿನೊಳಗೆ ಉಳಿದ ಕಂತುಗಳ ದಾರಿ ಕಾಣದಿದ್ದರೆ ‘ಲೇಖಕರ ಅನಾರೋಗ್ಯದ ಕಾರಣ ಧಾರಾವಾಹಿ ನಿಲ್ಲಿಸಲಾಗಿದೆ’ ಎಂದು ಮೂರು ಸಾಲು. ಆ ಪುಟ ಜಾಹೀರಾತಿಗೆ ಹೋಗುತ್ತದೆ. ಒಮ್ಮೆ ಹೋದ ಪುಟ ವಾಪಸ್ ಬರುವುದಿಲ್ಲ.

ಕಥೆ ನನ್ನ ಕೆಲಸವಲ್ಲ. ನಾನು ಕರಡು ತಿದ್ದುವವಳು.

ಜುಲೈ 6, ಗುರುವಾರ

ಇಪ್ಪತ್ತೊಂದನೇ ಕಂತಿನ ಪುಟ ನಾಲ್ಕು ಗಂಟೆಗೆ ಅಚ್ಚಿಗೆ ಹೋಯಿತು. ಅಲ್ಲಿಂದ ಸಂಪಾದಕರೂ ನಾನೂ ಆಸ್ಪತ್ರೆಗೆ ಹೋದೆವು. ಮೂರನೇ ಮಹಡಿ, ಕಿಟಕಿ ಪಕ್ಕದ ಹಾಸಿಗೆ. ಬಾಯಿ ಒಂದು ಕಡೆಗೆ ಜಾರಿದೆ. ಕಣ್ಣು ಮೊದಲಿನಂತೆಯೇ ಇದೆ. ಅವರ ತಂಗಿ, ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ತಲೆದಿಂಬು ಸರಿಪಡಿಸುತ್ತ ಹೇಳಿದರು: ಎಲ್ಲ ಅರ್ಥವಾಗುತ್ತದೆ, ಆದರೆ ಬಾಯಿಂದ ಬರುವುದು ಒಂದೇ ಮಾತು, ‘ಹೌದು’. ನೀರು ಬೇಕೇ ಎಂದರೂ ಹೌದು, ಬೇಡವೇ ಎಂದರೂ ಹೌದು.

ಸಂಪಾದಕರು ಹಾಸಿಗೆಯ ಮೇಲೆ ಬಾಗಿ ಕೇಳಿದರು. ಮುದುಕನ ಅಣ್ಣನ ಮಗನಾ ಸಾರ್ ಕೊಂದಿದ್ದು? ಹೌದು. ಔಷಧಿ ಅಂಗಡಿಯವನಾ? ಹೌದು. ಸಂಗೀತದ ಟೀಚರಾ? ಹೌದು. ಪಕ್ಕದ ಹಾಸಿಗೆಯವರು ಪತ್ರಿಕೆ ಕೆಳಗಿಳಿಸಿ ನಮ್ಮನ್ನೇ ನೋಡತೊಡಗಿದರು. ತಂಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು, ನಕ್ಕರೋ ಅತ್ತರೋ ಹೇಳಲಾರೆ.

ಹೊರಡುವಾಗ ಕಾದಂಬರಿಕಾರರು ನನ್ನ ಕಡೆ ನೋಡುತ್ತಲೇ ಇದ್ದರು. ಏನೋ ಕೇಳುವ ನೋಟ. ಏನೆಂದು ತಿಳಿಯಲಿಲ್ಲ.

ಜುಲೈ 9, ಭಾನುವಾರ

ಇಪ್ಪತ್ತೊಂದನೇ ಕಂತು ಬಂದಿದೆ. ತಪ್ಪಿಲ್ಲ.

ಅತ್ತೆ ಓದಿ ಮುಗಿಸಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಒಂದು ವಿಷಯ ಕೇಳಲಾ ಎಂದರು. ಮುಂದಿನ ಕಂತಿನದಾದರೆ ಬೇಡ ಎಂದೆ.

“ಮುಂದಿನದಲ್ಲ, ಹಿಂದಿನದು. ಆ ಟೀಚರಮ್ಮ ಕೊಲೆಯಾದ ಸಂಜೆ ಆರು ಮಹಡಿ ಹತ್ತಿ ಬಂದೆ ಅಂದಳಲ್ಲ, ಅದು ನಂಗೆ ಇನ್ನೂ ಗಂಟಲಲ್ಲೇ ಕೂತಿದೆ. ಅವಳಿಗೆ ಮಂಡಿ ನೋವು ಅಂತ ಶುರುನಲ್ಲೇ ಬರೆದಿದ್ರು. ನಾನು ನಮ್ಮ ಎರಡನೇ ಮಹಡಿ ಹತ್ತೋಕೆ ನಾಲ್ಕು ಸಲ ನಿಲ್ತೀನಿ. ಅವಳು ಆರು ಹತ್ತಿ ಏದುಸಿರು ಕೂಡ ಬಿಡಲಿಲ್ಲ. ಆ ಸಾಲು ಅವರು ಬರೆದ ಹಾಗಿಲ್ಲ.”

ಕಥೆ ಅತ್ತೆ, ಕಥೆ, ಎಂದೆ. ನಿಂಗೇನು, ಅಕ್ಷರ ಸರಿ ಇದ್ರೆ ಸಾಕು ಎಂದು ಹೊರಟುಹೋದರು.

ಪಾತ್ರೆ ತೊಳೆಯುವಾಗ ಕೈ ನಿಂತಿತು. ಆ ಸಾಲು ನಿಜವಾಗಿ ಅವರದಲ್ಲ. ನನ್ನದು.

ಜುಲೈ 10, ಸೋಮವಾರ

ಮೇಜಿನ ಪ್ರಶ್ನೆ ಪುಸ್ತಕ ತೆಗೆದು ನೋಡಿದೆ. ಲೇಖಕರನ್ನು ಕೇಳಬೇಕಾದ ಸಂದೇಹಗಳನ್ನು ನಾನು ಗುರುತು ಹಾಕಿಡುವ ಪುಸ್ತಕ. ಏಪ್ರಿಲ್ 13, ಗುರುವಾರ, ಒಂಬತ್ತನೇ ಕಂತು. ನನ್ನ ಕೈಬರಹ:

‘ಟೀಚರ್ ಹೇಳಿಕೆ: ಆರೂವರೆಗೆ ಪೇಟೆಯಿಂದ ಬಂದೆ, ಲಿಫ್ಟಿನಲ್ಲಿ ಮೇಲೆ ಬಂದೆ. ಮೂರನೇ ಕಂತಿನಲ್ಲಿ ಕಾವಲುಗಾರ: ಆ ಸಂಜೆ ಐದೂಮುಕ್ಕಾಲರಿಂದ ಏಳರವರೆಗೆ ಲಿಫ್ಟ್ ರಿಪೇರಿಗೆ ನಿಂತಿತ್ತು. ಹೊಂದುವುದಿಲ್ಲ. 3.20, 3.35 ಫೋನ್, ಎತ್ತಲಿಲ್ಲ. 3.45 ಮೆಟ್ಟಿಲು ಎಂದು ತಿದ್ದಿದೆ.’

ನಾಲ್ಕಕ್ಕೆ ಪುಟ ಹೋಗಬೇಕಿತ್ತು. ಮರೆವಿನಿಂದ ಆದ ತಪ್ಪು ಎಂದುಕೊಂಡೆ. ತಿದ್ದಿದ್ದನ್ನು ಆಮೇಲೆ ಅವರಿಗೆ ಹೇಳಲೂ ಇಲ್ಲ. ಸರಿ ಮಾಡಿದ್ದನ್ನು ಯಾರು ಹೇಳಿಕೊಂಡು ತಿರುಗುತ್ತಾರೆ.

ಅವರೂ ನನಗೆ ಏನೂ ಹೇಳಲಿಲ್ಲ. ಅಚ್ಚಾದದ್ದನ್ನು ಅವರು ಮತ್ತೆ ಓದುವುದಿಲ್ಲ. ನೀವು ಓದಿರುತ್ತೀರಲ್ಲ ಎನ್ನುತ್ತಿದ್ದರು.

ಜುಲೈ 11, ಮಂಗಳವಾರ

ಮೂಲ ಹಸ್ತಪ್ರತಿ ಸಿಕ್ಕಿತು. ಊಟದ ವಿರಾಮದಲ್ಲಿ ನೆಲಮಾಳಿಗೆಯ ಉಗ್ರಾಣಕ್ಕೆ ಹೋಗಿ ಏಪ್ರಿಲ್‌ನ ಕಟ್ಟು ಬಿಚ್ಚಿದೆ. ಗೆರೆ ಹಾಕಿದ ಹಾಳೆ, ನೀಲಿ ಶಾಯಿ, ಅವರ ಎಡಕ್ಕೆ ಬಾಗುವ ಅಕ್ಷರ. ‘ಲಿಫ್ಟಿನಲ್ಲಿ ಮೇಲೆ ಬಂದೆ’ ಎಂಬ ಸಾಲಿನ ಅಂಚಿನಲ್ಲಿ ಪೆನ್ಸಿಲಿನ ಒಂದು ಚುಕ್ಕಿ.

ಆ ಚುಕ್ಕಿಯ ಅರ್ಥ ಗೊತ್ತಿರುವುದು ಇಬ್ಬರಿಗೇ. ಹತ್ತೊಂಬತ್ತು ವರ್ಷದ ಹಿಂದೆ, ಅವರ ಮೊದಲ ಕಾದಂಬರಿಯಲ್ಲಿ, ಒಬ್ಬ ಡಾಕ್ಟರ್ ಹೇಳಿದ ಗಂಟೆಯನ್ನು ನಾನು ತಿದ್ದಲು ಹೊರಟಿದ್ದೆ. ಅವರು ಅಂದು ಕಚೇರಿಯಲ್ಲೇ ಇದ್ದರು. ನನ್ನ ಮೇಜಿನ ಮುಂದೆ ನಿಂತು, “ಕೆಂಪು ಪೆನ್ನಿನವರೇ, ನನ್ನ ಪಾತ್ರಗಳಿಗೆ ಸುಳ್ಳು ಹೇಳೋಕೆ ಸ್ವಲ್ಪ ಜಾಗ ಬಿಡಿ” ಎಂದರು. ಅಂದಿನಿಂದ ಒಪ್ಪಂದ: ಬೇಕೆಂದೇ ಬರೆದ ತಪ್ಪಿದ್ದರೆ ಅಂಚಿನಲ್ಲಿ ಒಂದು ಚುಕ್ಕಿ. ಚುಕ್ಕಿ ಇದ್ದಲ್ಲಿ ನಾನು ಕೈ ಹಾಕುವುದಿಲ್ಲ. ಹದಿನಾಲ್ಕು ಕಾದಂಬರಿ ಹಾಗೆಯೇ ನಡೆದವು.

ಈ ಜನವರಿಯಿಂದ ಪದ್ಧತಿ ಬದಲಾಗಿದೆ. ಹಸ್ತಪ್ರತಿ ನೇರವಾಗಿ ಟೈಪ್ ಮಾಡುವವರ ಬಳಿ ಹೋಗುತ್ತದೆ, ನನಗೆ ಬರುವುದು ಕಂಪ್ಯೂಟರಿನ ಪ್ರಿಂಟ್. ಟೈಪ್ ಮಾಡುವವರು ಚುಕ್ಕಿಯನ್ನು ಟೈಪ್ ಮಾಡುವುದಿಲ್ಲ. ಮಾಡಬೇಕು ಎಂದು ಅವರಿಗೆ ಯಾರೂ ಹೇಳಿಲ್ಲ. ಹೇಳಬೇಕಾದವಳು ನಾನು.

ಹಾಗಾದರೆ ಆಸ್ಪತ್ರೆಯಲ್ಲಿ ನನ್ನನ್ನೇ ನೋಡುತ್ತಿದ್ದರಲ್ಲ, ಅದು ಇದೇ ಇರಬೇಕು. ಚುಕ್ಕಿ ಇದೆ, ಇವಳು ನೋಡಿದ್ದಾಳೆ, ಇವಳಿಗೆ ಗೊತ್ತು ಎಂದು.

ಜುಲೈ 12, ಬುಧವಾರ

ಯಾರಿಗೂ ಹೇಳಿಲ್ಲ.

ಜುಲೈ 13, ಗುರುವಾರ

ಇಪ್ಪತ್ತೆರಡನೇ ಕಂತು ಹೋಯಿತು. ಕೈಯಲ್ಲಿ ಇನ್ನು ಏನೂ ಇಲ್ಲ.

ಮಧ್ಯಾಹ್ನ ಆಡಳಿತದಿಂದ ಸುತ್ತೋಲೆ ಬಂದಿದೆ. ಕರಡು ವಿಭಾಗದಲ್ಲಿ ನಾಲ್ವರಿದ್ದೇವೆ, ತಿಂಗಳ ಕೊನೆಗೆ ಒಬ್ಬರು ಉಳಿಯುತ್ತಾರೆ. ಯಾರು ಎಂಬುದು 28ನೇ ತಾರೀಕು, ಶುಕ್ರವಾರ, ಹನ್ನೊಂದರ ಸಭೆಯಲ್ಲಿ ತೀರ್ಮಾನ. ಪತ್ರಿಕೆಯ ಎರಡನೇ ಪುಟದಲ್ಲಿ ಪ್ರತಿದಿನ ತಿದ್ದುಪಡಿ ಅಂಕಣ ಬರುತ್ತದೆ, ನಮ್ಮ ಕಡೆಯಿಂದ ಆದ ತಪ್ಪುಗಳನ್ನು ಒಪ್ಪಿಕೊಳ್ಳುವ ಅಂಕಣ. ಪುರವಣಿಯ ಹೆಸರು ಹತ್ತೊಂಬತ್ತು ವರ್ಷದಲ್ಲಿ ಅದರಲ್ಲಿ ಒಮ್ಮೆಯೂ ಬಂದಿಲ್ಲ. ಪಕ್ಕದ ಮೇಜಿನವರು, ನಿಮ್ಮ ಕುರ್ಚಿ ಗಟ್ಟಿ ಬಿಡಿ, ನಾವು ಮೂವರು ಗಂಟುಮೂಟೆ ಕಟ್ಟೋದೇ ಸರಿ ಎಂದರು. ಅಸೂಯೆಯಿಂದ ಹೇಳಿದ್ದಲ್ಲ.

ಸಂಜೆ ಮೆಟ್ಟಿಲು ಹತ್ತಿ ಬರುವಾಗ ಅತ್ತೆ ಮೊದಲ ತಿರುವಿನಲ್ಲಿ ಕಂಬಿ ಹಿಡಿದು ನಿಂತಿದ್ದರು. ಕೆಳಗಿನ ಅಂಗಡಿಯಿಂದ ಬ್ರೆಡ್ ತಂದಿದ್ದರು. ಚೀಲ ಇಸಿದುಕೊಂಡೆ. ಅವರ ಜೊತೆ ನಿಂತೆ. ಅಲ್ಲಿಯೇ, ಮೆಟ್ಟಿಲಿನ ಮೇಲೆಯೇ, ಹೇಳಿಬಿಟ್ಟೆ. ಯಾಕೆ ಹೇಳಿದೆನೋ ತಿಳಿಯದು. ಪ್ರಶ್ನೆ ಪುಸ್ತಕ, ಫೋನ್, ಚುಕ್ಕಿ, ಎಲ್ಲವನ್ನೂ.

ಅತ್ತೆ ಉಸಿರು ಸರಿಯಾಗುವವರೆಗೆ ಕಾದು, “ಹಾಗಾದ್ರೆ ಕೊಂದಿದ್ದು ನೀನೇ” ಎಂದರು. ಆಮೇಲೆ ಎರಡು ಮೆಟ್ಟಿಲು ಹತ್ತಿ ತಿರುಗಿ, “ಗಡಿಯಾರದವನನ್ನಲ್ಲ, ಕಥೇನ” ಎಂದರು.

ಮತ್ತೂ ಎರಡು ಮೆಟ್ಟಿಲು ಹತ್ತಿದ ಮೇಲೆ, “ನಾನು ಹೇಳಿರಲಿಲ್ವಾ, ಆ ಸಾಲು ಅವರದ್ದಲ್ಲ ಅಂತ” ಎಂದರು. ಅಷ್ಟು ಸಂತೋಷದ ಮುಖ ಅವರಲ್ಲಿ ನೋಡಿ ಆರು ವರ್ಷವಾಗಿತ್ತು, ಅಂದರೆ ಅವರ ಮಗ ತೀರಿಕೊಂಡ ಮೇಲೆ ನೋಡಿರಲಿಲ್ಲ.

ಜುಲೈ 14, ಶುಕ್ರವಾರ

ಕಾದಂಬರಿಕಾರರು ಮನೆಗೆ ಬಂದಿದ್ದಾರೆ. ಅರ್ಧ ದಿನ ರಜೆ ಹಾಕಿ ಹೋದೆ. ಮೂಲ ಹಾಳೆಯನ್ನು ಉಗ್ರಾಣದ ಪುಸ್ತಕದಲ್ಲಿ ಸಹಿ ಹಾಕಿ ತೆಗೆದುಕೊಂಡಿದ್ದೆ.

ಬರೆಯುವ ಕೋಣೆಯಲ್ಲೇ ಮಂಚ ಹಾಕಿದ್ದಾರೆ. ಮೇಜು ಕಿಟಕಿಗೆ ಬೆನ್ನು ಮಾಡಿ ನಿಂತಿದೆ, ಹೊರಗೆ ನೋಡಿದರೆ ಬರೆಯಲಾಗುವುದಿಲ್ಲವಂತೆ. ಗೋಡೆಯಲ್ಲಿ ಮೊಳೆಗೆ ನೇತುಹಾಕಿದ ಒಂದು ಕಪ್ಪು ಛತ್ರಿ. ಅವರ ಇನ್ಸ್‌ಪೆಕ್ಟರ್ ಹದಿನಾಲ್ಕು ಕಾದಂಬರಿಗಳಲ್ಲೂ, ಸುಡುವ ಬಿಸಿಲಿನಲ್ಲೂ ಛತ್ರಿ ಹಿಡಿದೇ ಕೊಲೆಯಾದ ಜಾಗಕ್ಕೆ ಬರುತ್ತಾನೆ. ಓದುಗರು ಅವನನ್ನು ಛತ್ರಿ ಸಾಹೇಬ ಎಂದೇ ಕರೆಯುವುದು. ನಿಜವಾದ ಛತ್ರಿ ಇರಬಹುದೆಂದು ನಾನು ಯೋಚಿಸಿಯೇ ಇರಲಿಲ್ಲ.

ಹಾಳೆಯನ್ನು ಅವರ ಎದೆಯ ಮೇಲಿಟ್ಟೆ. ಅದರ ಪಕ್ಕ ಅಚ್ಚಾದ ಪುಟ. ಎರಡೂ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ನಾನು ತಿದ್ದಿದೆ, ಚುಕ್ಕಿ ನನಗೆ ಕಾಣಲಿಲ್ಲ, ಪುಟ ಹೊರಟಿತ್ತು, ನಿಮ್ಮನ್ನು ಕೇಳದೆ ತಿದ್ದಿದೆ ಎಂದೆ. ಕ್ರಮವಾಗಿ ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದೆ, ಹಾಗೆ ಬರಲಿಲ್ಲ.

ಅವರು ಬಹಳ ಹೊತ್ತು ಓದಿದರು. ಎಡಗೈ ಬೆರಳು ಚುಕ್ಕಿಯ ಮೇಲೆ ನಿಂತಿತು. ಭುಜ ಅಲುಗತೊಡಗಿತು. ನಾನು ಎದ್ದು ನಿಂತೆ. ಅವರ ತಂಗಿ ಓಡಿಬಂದು ಮುಖ ನೋಡಿ, “ಕೂತ್ಕೊಳ್ಳಿ, ಏನಿಲ್ಲ. ಅಣ್ಣ ನಗ್ತಿದ್ದಾನೆ” ಎಂದರು.

ಕೊಂದವಳು ಟೀಚರ್ ತಾನೇ ಎಂದು ಕೇಳಿದೆ. ಹೌದು ಎಂದರು. ಅದು ಸಾಕ್ಷಿಯಲ್ಲ. ಅಣ್ಣನ ಮಗನೇ ಎಂದು ಕೇಳಿದೆ. ಹೌದು ಎಂದರು, ಆದರೆ ಆಗ ಬೆರಳು, ಉತ್ತರ ಇಲ್ಲಿದೆ ಎಂಬಂತೆ, ಚುಕ್ಕಿಯನ್ನು ಎರಡು ಸಲ ಕುಟ್ಟಿತು. ಇದನ್ನು ಸಾಕ್ಷಿ ಎಂದು ತೆಗೆದುಕೊಳ್ಳುತ್ತೇನೆ.

ಜುಲೈ 16, ಭಾನುವಾರ

ಬೆಳಗಿನಿಂದ ಅತ್ತೆಯೂ ನಾನೂ ಊಟದ ಮೇಜಿನ ಮೇಲೆ ಇಪ್ಪತ್ತೆರಡೂ ಕಂತುಗಳನ್ನು ಸಾಲಾಗಿ ಹರಡಿದೆವು. ಅತ್ತೆ ಎಲ್ಲವನ್ನೂ ಕತ್ತರಿಸಿ ಇಟ್ಟಿದ್ದಾರೆ. ಈ ಕಾದಂಬರಿಯದು ಮಾತ್ರವಲ್ಲ, ಹದಿನಾಲ್ಕರದ್ದೂ. ಅವರ ಕೋಣೆಯ ಟ್ರಂಕಿನಲ್ಲಿವೆ. ಒಂದೇ ಮನೆಯಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ.

ಲಿಫ್ಟ್ ನಿಂತಿದ್ದು ಆರನೇ ಮಹಡಿಯ ಮನೆಯೊಳಗೆ ಇದ್ದವರಿಗೆ ತಿಳಿಯುವುದಿಲ್ಲ. ಟೀಚರ್ ಪೇಟೆಯಿಂದ ಬಂದೇ ಇಲ್ಲ. ಸಂಜೆಯೆಲ್ಲ ಮೇಲೆಯೇ ಇದ್ದಳು, ಗಡಿಯಾರ ರಿಪೇರಿಯ ಮುದುಕನ ಪಕ್ಕದ ತನ್ನ ಮನೆಯಲ್ಲಿ. ಇಷ್ಟು ಸರಿ. ಆದರೆ ಯಾಕೆ ಕೊಂದಳು? ಅದು ಎಲ್ಲೂ ಇಲ್ಲ ಎಂದೆ.

ಇದೆ ಎಂದರು ಅತ್ತೆ. ಐದನೇ ಕಂತಿನಲ್ಲಿ ಟೀಚರ್ ಮನೆಯ ಗೋಡೆಯಲ್ಲಿ ದುಂಡನೆಯ ಬಿಳಿ ಗುರುತು, ಏನೋ ತೆಗೆದ ಜಾಗ. ಹದಿನಾಲ್ಕನೆಯದರಲ್ಲಿ ಮುದುಕನ ಕಪಾಟಿನಲ್ಲಿ ಬಿಡಿಭಾಗಗಳ ಡಬ್ಬಿ, ಅದರಲ್ಲಿ ಗಡಿಯಾರದ ಹಿತ್ತಾಳೆಯ ಒಂದು ಮುಖ, ಹಿಂಬದಿಯಲ್ಲಿ ‘ಮಗಳಿಗೆ’ ಎಂದು ಕೊರೆದದ್ದು. ಅವಳಪ್ಪ ಕೊಟ್ಟ ಗಡಿಯಾರವನ್ನು ರಿಪೇರಿಗೆ ಕೊಟ್ಟಿದ್ದಾಳೆ, ಅವನು ಬಿಚ್ಚಿ ಬೇರೆ ಗಡಿಯಾರಗಳಿಗೆ ಹಾಕಿಬಿಟ್ಟಿದ್ದಾನೆ. ಒಂದು ಗಡಿಯಾರಕ್ಕೆ ಕೊಲೆ ಮಾಡುತ್ತಾರಾ ಎಂದು ಕೇಳಿದೆ.

ಅತ್ತೆ ಭೂತಗನ್ನಡಿ ಕೆಳಗಿಟ್ಟರು. “ನನ್ನ ಮಗನ ಕನ್ನಡಕ ಬೀರುವಿನಲ್ಲಿದೆ. ಯಾರಾದ್ರೂ ಅದನ್ನ ಬಿಚ್ಚಿ ತಿರುಪು ತಗೊಂಡ್ರೆ ನಾನೇನು ಮಾಡ್ತೀನೋ ನಂಗೇ ಗೊತ್ತಿಲ್ಲ.”

ಆ ಕನ್ನಡಕ ಎಲ್ಲಿದೆ ಎಂದು ಆರು ವರ್ಷದಿಂದ ನಾನು ಹುಡುಕುತ್ತಿದ್ದೆ. ಅದನ್ನು ಹೇಳಿದೆ. ಅವರು ಎದ್ದು ಹೋಗಿ ತಂದರು. ಇಬ್ಬರೂ ನೋಡಿ ಮೇಜಿನ ಮೇಲೆಯೇ ಇಟ್ಟೆವು, ಕಂತುಗಳ ಪಕ್ಕ. ಎಡ ಗಾಜಿನ ಮೇಲಿನ ಗೀರು ಹಾಗೆಯೇ ಇದೆ.

ಊಟ ಏಳಕ್ಕೆ.

ಜುಲೈ 17, ಸೋಮವಾರ

ಸಂಪಾದಕರಿಗೆ ಹೇಳಿದೆ. ಅವರು ಬಾಗಿಲು ಹಾಕಿ ಬಂದು ಕುಳಿತರು. ಕೂಗಾಡಲಿಲ್ಲ. ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದಾರೆ ಎಂಬುದೂ ಕಾಣುತ್ತಿತ್ತು. ಓದುಗರಿಗೆ ಮೊದಲಿನಿಂದಲೂ ಅಣ್ಣನ ಮಗನ ಮೇಲೇ ಅನುಮಾನ, ಅವನೇ ಕೊಂದ ಎಂದು ಎರಡು ಕಂತು ಬರೆಯಿಸಿ ಮುಗಿಸಿದರೆ ಯಾರೂ ತಕರಾರು ತೆಗೆಯುವುದಿಲ್ಲ, ಕಾದಂಬರಿಕಾರರೂ ಹೌದು ಎಂದೇ ಹೇಳುತ್ತಾರೆ ಎಂದರು. ಹೇಳಿ ಅವರಿಗೇ ಮುಜುಗರವಾಯಿತು.

“ಮೇಡಂ, ಹನ್ನೊಂದು ದಿನಕ್ಕೆ ಸಭೆ ಇದೆ. ಇವತ್ತು ನೀವು ತಿದ್ದುಪಡಿ ಕೇಳ್ತಿದ್ದೀರಿ. ನಿಮ್ಮ ಕಾಲಿನ ಮೇಲೆ ನೀವೇ ಕಲ್ಲು ಹಾಕ್ಕೊಳ್ತಿದ್ದೀರಿ. ಈ ತಪ್ಪು ಯಾರ ಕಣ್ಣಿಗೂ ಬಿದ್ದಿಲ್ಲ.”

ನಮ್ಮ ಅತ್ತೆಯ ಕಣ್ಣಿಗೆ ಬಿದ್ದಿದೆ ಸಾರ್ ಎಂದೆ.

ಅಣ್ಣನ ಮಗ ಕೊಂದಿಲ್ಲ. ಕೊಲ್ಲದವನನ್ನು ಹಿಡಿದುಕೊಟ್ಟರೆ ಛತ್ರಿ ಸಾಹೇಬ ಹದಿನೈದನೇ ಕಾದಂಬರಿಯಲ್ಲಿ ಮೊದಲ ಸಲ ತಪ್ಪು ಮನುಷ್ಯನನ್ನು ಜೈಲಿಗೆ ಕಳುಹಿಸಿದ ಹಾಗಾಗುತ್ತದೆ, ಅದೂ ನನ್ನಿಂದ. ಇದನ್ನು ಸಂಪಾದಕರಿಗೆ ಹೇಳಿದೆ. ಬಾಯಿಂದ ಬಂದ ಮೇಲೆ, ಇಲ್ಲದ ಮನುಷ್ಯನ ಬಗ್ಗೆ ಮಾತಾಡುತ್ತಿದ್ದೇನೆ ಎಂದು ಗಮನಕ್ಕೆ ಬಂತು. ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಕೊನೆಗೆ ತೀರ್ಮಾನವಾದದ್ದು: ಒಂದು, ಕಾದಂಬರಿಕಾರರ ತಂಗಿಯ ಒಪ್ಪಿಗೆ ಪತ್ರ. ಎರಡು, ತಿದ್ದುಪಡಿ 23ಕ್ಕೆ, ಇಪ್ಪತ್ತಮೂರನೇ ಕಂತಿನ ದಿನವೇ. ಉತ್ತರ ಹೇಳುವ ಮೊದಲು ಓದುಗರ ಕೈಗೆ ಸುಳಿವು ಸಿಗಬೇಕು. ಮೂರು, ಎರಡು ಕಂತುಗಳನ್ನು ನಾನು ಬರೆಯಬೇಕು. ನನಗೆ ಬರೆಯಲು ಬರುವುದಿಲ್ಲ ಎಂದೆ. ಹತ್ತೊಂಬತ್ತು ವರ್ಷ ಅವರ ಒಂದೊಂದು ಸಾಲು ಓದಿದವರು ಈ ಕಟ್ಟಡದಲ್ಲಿ ಇನ್ಯಾರಿದ್ದಾರೆ ಹೇಳಿ ಎಂದರು. ಯಾರೂ ಇಲ್ಲ. ಅದು ನಿಜ.

ಜುಲೈ 19, ಬುಧವಾರ

ಇಪ್ಪತ್ತಮೂರನೇ ಕಂತು ಮುಗಿಯಿತು. ಇದರಲ್ಲಿ ಹೆಚ್ಚೇನೂ ನಡೆಯುವುದಿಲ್ಲ. ಛತ್ರಿ ಸಾಹೇಬ ಠಾಣೆಯಲ್ಲಿ ಕುಳಿತು ಹಳೆಯ ಹೇಳಿಕೆಗಳನ್ನೆಲ್ಲ ಮೊದಲಿನಿಂದ ಓದುತ್ತಾನೆ. ಚಹಾ ಆರಿಹೋಗುತ್ತದೆ. ಪಕ್ಕದ ಕೋಣೆಯಲ್ಲಿ ಯಾರೋ ಫೋನಿನಲ್ಲಿ ಕಳೆದುಹೋದ ಸೈಕಲ್ಲಿನ ಬಣ್ಣ ಹೇಳುತ್ತಿದ್ದಾರೆ. ಒಂದು ಹೇಳಿಕೆಯ ಮುಂದೆ ಅವನು ನಿಲ್ಲುತ್ತಾನೆ, ಹಾಳೆಯ ಮೂಲೆ ಮಡಚುತ್ತಾನೆ.

ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ. ಅಚ್ಚಾಗದ ಪುಟ. ಅವರು ಕಣ್ಣು ಮುಚ್ಚಿ ಕೇಳಿದರು. ಎಲ್ಲ ಸರಿ, ಆದರೆ ನಿನ್ನ ಸಾಹೇಬ ತುಂಬ ನೆಟ್ಟಗೆ ಕೂರುತ್ತಾನೆ, ಅವರವನು ಸ್ವಲ್ಪ ಸೋಮಾರಿ ಎಂದರು. ಅದು ಸರಿಯಾದ ಮಾತು. ಕುರ್ಚಿಯ ಮೇಲೆ ಕಾಲು ಚಾಚಿಸಿದೆ.

ಕಚೇರಿಗೆ ಹೊರಟಾಗ ಬಸ್ ನಿಲ್ದಾಣದಲ್ಲಿ ಒಬ್ಬ ಹೆಂಗಸನ್ನು ನೋಡಿದೆ. ಒಂದು ಕೈಯಲ್ಲಿ ಪಿಟೀಲಿನ ಪೆಟ್ಟಿಗೆ, ಇನ್ನೊಂದು ಕೈ ಮಂಡಿಯ ಮೇಲೆ. ಬಸ್ಸು ಬಂದಾಗ ಮೆಟ್ಟಿಲನ್ನು ಒಂದು ಕ್ಷಣ ನೋಡಿ, ಅದು ಶತ್ರು ಎಂಬಂತೆ, ಆಮೇಲೆ ಹತ್ತಿದರು. ನನ್ನ ಬಸ್ಸೂ ಅದೇ ಆಗಿತ್ತು. ಹತ್ತಲು ಮರೆತೆ. ಹನ್ನೆರಡು ನಿಮಿಷ ತಡವಾಯಿತು. ಹಾಜರಿ ಪುಸ್ತಕದಲ್ಲಿ ಕಾರಣದ ಜಾಗದಲ್ಲಿ ಏನು ಬರೆಯುವುದೆಂದು ತೋಚದೆ ‘ಬಸ್ಸು’ ಎಂದು ಬರೆದೆ.

ಜುಲೈ 23, ಭಾನುವಾರ

ತಿದ್ದುಪಡಿ ಅಚ್ಚಾಗಿದೆ. ಎರಡನೇ ಪುಟ, ಕೆಳಗಡೆ, ಎಡಕ್ಕೆ. ಕತ್ತರಿಸಿ ಇಲ್ಲಿ ಅಂಟಿಸಿದ್ದೇನೆ.

‘ಏಪ್ರಿಲ್ 16ರ ಪುರವಣಿಯ ಧಾರಾವಾಹಿಯಲ್ಲಿ (ಕಂತು 9) ಸಂಗೀತದ ಟೀಚರ್ ಹೇಳಿಕೆ “ಮೆಟ್ಟಿಲು ಹತ್ತಿ ಮೇಲೆ ಬಂದೆ” ಎಂದು ಅಚ್ಚಾಗಿದೆ. ಅದನ್ನು “ಲಿಫ್ಟಿನಲ್ಲಿ ಮೇಲೆ ಬಂದೆ” ಎಂದು ಓದಿಕೊಳ್ಳಬೇಕು. ತಪ್ಪು ಕರಡು ತಿದ್ದುವ ವಿಭಾಗದ್ದು, ಲೇಖಕರದ್ದಲ್ಲ. ಲೇಖಕರ ಅನಾರೋಗ್ಯದ ಕಾರಣ ಕೊನೆಯ ಎರಡು ಕಂತುಗಳನ್ನು ಅವರ ಕಡೆಯವರ ಒಪ್ಪಿಗೆಯಿಂದ ಕಚೇರಿಯಲ್ಲಿ ಬರೆಯಲಾಗುತ್ತಿದೆ.’

ತಪ್ಪಿಲ್ಲದೆ ಅಚ್ಚಾಗಿದೆ. ಮೂರು ಸಲ ಓದಿದೆ.

ಜುಲೈ 24, ಸೋಮವಾರ

ಬೆಳಿಗ್ಗೆಯಿಂದ ಮೂವತ್ತೊಂದು ಫೋನ್ ಕರೆ. ಆಪರೇಟರ್ ಲೆಕ್ಕ ಇಟ್ಟಿದ್ದಾರೆ. ಬೈದವರು ನಾಲ್ವರು. ಉಳಿದವರಿಗೆಲ್ಲ ಕೊಲೆಗಾರ್ತಿ ಯಾರೆಂದು ಗೊತ್ತಾಗಿದೆ, ಅದನ್ನು ನಮಗೆ ಹೇಳಲು ಫೋನ್ ಮಾಡಿದ್ದಾರೆ. ತಿದ್ದುಪಡಿ ಅಂಕಣವನ್ನು ಇಷ್ಟು ಜನ ಓದುತ್ತಾರೆ ಎಂದು ಇಷ್ಟು ವರ್ಷದಲ್ಲಿ ಇವತ್ತೇ ತಿಳಿದದ್ದು ಎಂದು ಸಂಪಾದಕರು ಹೇಳಿದರು. ಒಬ್ಬರು ಲಿಫ್ಟ್ ರಿಪೇರಿ ಮಾಡುವವರಂತೆ. ಆ ಸಂಜೆ ಕಟ್ಟಡದಲ್ಲಿದ್ದ ರಿಪೇರಿಯವನನ್ನು ಇಷ್ಟು ಕಂತಿನಲ್ಲಿ ಯಾರೂ ಅನುಮಾನಿಸಲಿಲ್ಲ, ಅದಕ್ಕೆ ಥ್ಯಾಂಕ್ಸ್ ಎಂದು ಹೇಳಿ ಇಟ್ಟರಂತೆ.

ಆಡಳಿತದಿಂದ ಪತ್ರ ಬಂದಿದೆ. ತಿದ್ದುಪಡಿಯ ಬಗ್ಗೆ ನನ್ನ ಲಿಖಿತ ವಿವರಣೆ ಶುಕ್ರವಾರದ ಸಭೆಗೆ ಬೇಕು. ಬರೆದುಕೊಟ್ಟೆ, ಅರ್ಧ ಪುಟ. ಏಪ್ರಿಲ್ 13ರ ಗಂಟೆಗಳನ್ನೆಲ್ಲ ಹಾಕಿದ್ದೇನೆ. ಹಸ್ತಪ್ರತಿಯನ್ನು ಕರಡಿನ ಜೊತೆಗೆ ಮೇಜಿಗೆ ಕಳುಹಿಸುವ ಹಳೆಯ ಪದ್ಧತಿ ವಾಪಸ್ ಬರಬೇಕು, ನಾನು ಇದ್ದರೂ ಇಲ್ಲದಿದ್ದರೂ, ಎಂದು ಕೊನೆಗೆ ಸೇರಿಸಿದೆ.

ಜುಲೈ 25, ಮಂಗಳವಾರ

ಕೊನೆಯ ಕಂತು ಬರೆದಾಯಿತು. ಟೀಚರ್ ಮನೆ. ಛತ್ರಿ ಸಾಹೇಬ ಒಂದೇ ಪ್ರಶ್ನೆ ಕೇಳುತ್ತಾನೆ: ಆ ದಿನ ಲಿಫ್ಟಿನಲ್ಲಿ ಬರುವಾಗ ಒಳಗೆ ದೀಪ ಉರಿಯುತ್ತಿತ್ತೇ? ಅವಳು ಉರಿಯುತ್ತಿತ್ತು ಎನ್ನುತ್ತಾಳೆ. ಆಮೇಲೆ ಅವನ ಮುಖ ನೋಡಿ ಕುರ್ಚಿಯಲ್ಲಿ ಕೂರುತ್ತಾಳೆ. ಅವನು ಜೇಬಿನಿಂದ ಹಿತ್ತಾಳೆಯ ಮುಖವನ್ನು ತೆಗೆದು ಗೋಡೆಯ ಬಿಳಿ ಗುರುತಿಗೆ ಹಿಡಿಯುತ್ತಾನೆ. ಸರಿಯಾಗಿ ಕೂರುತ್ತದೆ. ಅವಳಿಗೆ ಕೈಕೋಳ ಹಾಕಿಸಬೇಕೆಂದಿದ್ದೆ. ಬರೆಯುವಾಗ ಬೇಡವೆನಿಸಿತು. ಇಬ್ಬರೂ ಲಿಫ್ಟಿಗೆ ಕಾಯುತ್ತಾರೆ. ಅವಳ ಮಂಡಿಗೋಸ್ಕರ.

ಸಂಜೆ ಪ್ರಿಂಟ್ ತಿದ್ದುವಾಗ ತಪ್ಪು ಸಿಕ್ಕಿತು, ನನ್ನದೇ. ಒಳಗೆ ಬರುವಾಗ ಸಾಹೇಬ ಛತ್ರಿಯನ್ನು ಟೀಚರ್ ಕುರ್ಚಿಗೆ ಒರಗಿಸುತ್ತಾನೆ. ಹೊರಡುವಾಗ ಅದನ್ನು ತೆಗೆದುಕೊಂಡ ಎಂದು ಬರೆಯಲು ಮರೆತಿದ್ದೇನೆ. ಕೊನೆಯ ಸಾಲಿನಲ್ಲಿ ಅವನು ‘ಬರಿಗೈ ಬೀಸಿಕೊಂಡು’ ರಸ್ತೆ ದಾಟುತ್ತಾನೆ. ಹದಿನಾಲ್ಕು ಕಾದಂಬರಿಗಳಲ್ಲಿ ಒಮ್ಮೆಯೂ ಅವನು ಛತ್ರಿ ಬಿಟ್ಟು ಹೋದವನಲ್ಲ. ‘ಛತ್ರಿ ಬೀಸಿಕೊಂಡು’ ಎಂದು ಮಾಡಬೇಕು. ಕೆಂಪು ಪೆನ್ನು ಎತ್ತಿದೆ. ಕೇಳದೆ ತಿದ್ದಬಾರದು ಎಂದು ಕೆಳಗಿಟ್ಟೆ.

ಜುಲೈ 26, ಬುಧವಾರ

ಹನ್ನೊಂದಕ್ಕೆ ಕಾದಂಬರಿಕಾರರ ಮನೆಗೆ ಹೋದೆವು. ಅತ್ತೆಯೂ ಬಂದರು. ಅವರ ಮನೆ ನೆಲಮಹಡಿಯಲ್ಲಿದೆ ಎಂದು ಮೊದಲೇ ಕೇಳಿ ಖಚಿತ ಮಾಡಿಕೊಂಡಿದ್ದರು. ಒಳಗೆ ಹೋದವರೇ ಮಂಚದ ಪಕ್ಕದ ಕುರ್ಚಿಯಲ್ಲಿ ಕುಳಿತು, ನಿಮ್ಮ ಐದನೇ ಕಾದಂಬರಿಯ ಅಡುಗೆಯವನ ವಿಷಯದಲ್ಲಿ ನನಗೆ ಇನ್ನೂ ಸಮಾಧಾನವಿಲ್ಲ, ಅವನು ನಿರಪರಾಧಿ ಅಲ್ಲವೇ ಎಂದು ಕೇಳಿದರು. ಹೌದು ಎಂದರು ಕಾದಂಬರಿಕಾರರು. ಅತ್ತೆ ನನ್ನ ಕಡೆ ತಿರುಗಿ, ನೋಡಿದೆಯಾ ಎಂದರು.

ಕೊನೆಯ ಕಂತನ್ನು ಓದಿ ಹೇಳಿದೆ. ಹದಿನೆಂಟು ನಿಮಿಷ ಹಿಡಿಯಿತು. ಮಧ್ಯೆ ಅವರು ಕಣ್ಣು ಮುಚ್ಚಿದರು, ಗಡಿಯಾರದ ಮುಖ ಗೋಡೆಗೆ ಕೂರುವಲ್ಲಿ ತೆರೆದರು. ಮುಗಿದ ಮೇಲೆ ಪ್ರಿಂಟನ್ನು ಹಲಗೆಗೆ ಸಿಕ್ಕಿಸಿ ಅವರ ತೊಡೆಯ ಮೇಲಿಟ್ಟೆ. ಛತ್ರಿಯ ತಪ್ಪನ್ನು ತೋರಿಸಿದೆ. ಇಲ್ಲಿ ಮರೆತಿದ್ದೇನೆ, ತಿದ್ದುತ್ತೇನೆ ಎಂದೆ. ಅವರು ಎಡಗೈ ಚಾಚಿದರು. ಅವರ ತಂಗಿ ಪೆನ್ಸಿಲ್ ಕೊಟ್ಟರು. ತುದಿ ಹಾಳೆಯ ಮೇಲೆಲ್ಲ ಅಲೆದು ಕೊನೆಯ ಸಾಲಿನ ಅಂಚಿಗೆ ಬಂದು ನಿಂತಿತು, ಒತ್ತಿತು.

ಕೈ ನಡುಗಿ ಬಿದ್ದ ಗುರುತೂ ಇರಬಹುದು. ಚೀಲದಲ್ಲಿ ಇನ್ನೊಂದು ಪ್ರತಿ ಇತ್ತು. ಏನೂ ಹೇಳದೆ ಅದನ್ನು ಹಲಗೆಗೆ ಸಿಕ್ಕಿಸಿ ಕೊಟ್ಟೆ. ಈ ಸಲ ಚುಕ್ಕಿ ಬೇಗ ಇಟ್ಟರು. ಅದೇ ಸಾಲು, ಅದೇ ಅಂಚು.

“ಹೌದು” ಎಂದರು.

ಬಸ್ಸಿನಲ್ಲಿ ಅತ್ತೆಯನ್ನು ಕೇಳಿದೆ, ಛತ್ರಿ ಬಿಟ್ಟು ಹೋದ ಅಂದರೆ ಸಾಹೇಬನ ಕೆಲಸ ಮುಗಿಯಿತು ಎಂದು ಅರ್ಥವಿರಬಹುದೇ ಎಂದು. ಅತ್ತೆ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು.

“ಮುಗಿಯೋದೇನು ಬಂತು. ಛತ್ರಿ ಮರೆತು ಹೋದವನು ತಗೊಂಡು ಹೋಗೋಕೆ ಬರಲೇಬೇಕು. ಯಾರ ಮನೆಗೆ ಬರ್ತಾನೆ, ಯಾವಾಗ ಬರ್ತಾನೆ, ಅದನ್ನ ನೀನು ಯೋಚನೆ ಮಾಡು.”

ಎರಡು ಪ್ರತಿಗಳಲ್ಲಿ ಒಂದನ್ನು ಟೈಪ್ ಮಾಡುವವರಿಗೆ ಕೊಟ್ಟು, ಅಂಚಿನ ಚುಕ್ಕಿ ಎಂದರೇನು ಎಂದು ವಿವರಿಸಿದೆ. ಇನ್ನೊಂದು ಅತ್ತೆಯ ಟ್ರಂಕಿನಲ್ಲಿದೆ.

ಶುಕ್ರವಾರ ಹನ್ನೊಂದಕ್ಕೆ ಸಭೆ. ಕೊನೆಯ ಕಂತಿನ ಪುಟ ನಾಳೆ ಸಂಜೆ ನಾಲ್ಕು ಗಂಟೆಗೆ, ಆ ಸಾಲಿನ ಸಮೇತ, ಅಚ್ಚಿಗೆ ಹೋಗುತ್ತದೆ.